ತಡಿಕೆ ಮುಟ್ಟಿ ಬಂದವನು

ನನ್ನ ತಮ್ಮ ಮಾದೇವ ಹೊಡೆದ ಒಂದು ಚೆಂಡು ಗೆರೆಯ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡೂ ‘ಔಟ್’ ಎಂದು ಕೂಗಿದೆ. ತಪ್ಪಾಯಿತು, ಚೆಂಡು ಒಳಗಿತ್ತು ಎಂದು ಹೇಳಲು ಅರ್ಧ ನಿಮಿಷವಾದರೂ ಸಮಯವಿತ್ತು. ಹೇಳಲಿಲ್ಲ. ಆಮೇಲೆ ನಲವತ್ತು ವರ್ಷ ಹೇಳಲಿಲ್ಲ.

ಮೈಸೂರಿನ ಒಂದು ಕ್ಲಬ್ಬಿಗೆ ಹೊಸದಾಗಿ ಮಾರ್ಕರ್ ಕೆಲಸಕ್ಕೆ ಸೇರಿದ ಇಬ್ಬರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ‘ನಂಜಣ್ಣ, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು ಅಂತ ಒಂದಿಷ್ಟು ಬರೆದುಕೊಡಿ. ಸ್ವಂತ ತಮ್ಮನಿಗೇ ಔಟ್ ಕೊಟ್ಟವರಂತೆ ನೀವು, ಅದನ್ನೂ ಬರೆಯಿರಿ’ ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಲೈನು ಎಳೆದು ರೂಢಿ, ಸಾಲು ಬರೆದು ರೂಢಿಯಿಲ್ಲ. ಆದರೂ ಒಪ್ಪಿಕೊಂಡೆ. ಆ ಔಟ್ ಕೊಟ್ಟ ಕಥೆಯನ್ನು ಹುಣಸೂರಿನಿಂದ ಮೈಸೂರಿನವರೆಗೆ ಹೊಸಬರಿಗೆಲ್ಲ ಹೇಳುತ್ತಾರೆ. ಅದು ಸುಳ್ಳು ಕಥೆ ಎಂದು ತಿಳಿದಿದ್ದವರು ಇಬ್ಬರೇ, ನಾನು ಮತ್ತು ಮಾದೇವ.

ಮೊದಲು ಕೆಲಸದ ಮಾತು. ನಮ್ಮ ಕಾಲದಲ್ಲಿ ಟೆನಿಸ್ ಕೋರ್ಟು ಕಟ್ಟುವವನು, ಗುಡಿಸುವವನು, ಗೆರೆ ಎಳೆಯುವವನು, ಬ್ಯಾಟಿಗೆ ಗಟ್ಟು, ಅಂದರೆ ಕರುಳಿನ ದಾರ, ಬಿಗಿಯುವವನು, ಮೆಂಬರುಗಳಿಗೆ ಜೊತೆ ಸಿಗದ ದಿನ ಎದುರು ನಿಂತು ಆಡುವವನು, ಎಲ್ಲ ಒಬ್ಬ ಮಾರ್ಕರನೇ. ಹುಣಸೂರಿನ ಆಫೀಸರುಗಳ ಕ್ಲಬ್ಬು ಲಕ್ಷ್ಮಣತೀರ್ಥದ ದಂಡೆಯ ಕಡೆಗಿತ್ತು. ಒಂದೇ ಕೋರ್ಟು. ಸುತ್ತ ಬಿದಿರಿನ ತಡಿಕೆ, ಮೂಲೆಯಲ್ಲಿ ಹೊಂಗೆ ಮರ. ಐವತ್ತರ ದಶಕ ಶುರುವಾಗುವಾಗ ನಾನು ಅಲ್ಲಿ ಸೇರಿದೆ.

ಒಳ್ಳೆಯ ಕೋರ್ಟಿಗೆ ಹುತ್ತದ ಮಣ್ಣು ಬೇಕು. ಗೆದ್ದಲು ತಂದು ಕೂಡಿಸಿದ ಮಣ್ಣು ಹಿಟ್ಟಿನ ಹಾಗೆ ನುಣುಪು, ಅದರಲ್ಲಿ ಒಂದು ಹರಳೂ ಸಿಗುವುದಿಲ್ಲ. ನೆನೆಸಿ, ತುಳಿದು, ಹಾಸಿ, ರೋಲರ್ ಗುಂಡು ಎಳೆದರೆ ಒಣಗಿದ ಮೇಲೆ ಕಲ್ಲಿನಂತೆ ಕೂರುತ್ತದೆ. ನಮ್ಮವ್ವನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ.

‘ನಾಗಪ್ಪನ ಮನೆ ಒಡ್ದು ಚೆಂಡಾಟ ಆಡ್ತಾರಾ? ಆಡೋ ದೊರೆಗಳ್ಗೆ ಏನೂ ಆಗಕ್ಕಿಲ್ಲ, ಒಡೆಯೋ ನಿನ್ಗೇ ಆಗದು’ ಎನ್ನುತ್ತಿದ್ದಳು.

ಅವಳ ಮಾತಿಗೆ ಹೆದರಿ ನಾನು ಪಿರಿಯಾಪಟ್ಟಣದ ದಾರಿಯಲ್ಲಿ ಪಾಳು ಬಿದ್ದ ಹುತ್ತಗಳನ್ನೇ ಹುಡುಕುತ್ತಿದ್ದೆ. ಸೋಮವಾರ, ಶುಕ್ರವಾರ ಮುಟ್ಟುತ್ತಿರಲಿಲ್ಲ. ಹಾರೆ ಹಾಕುವ ಮೊದಲು ಒಂದು ಲೋಟ ಹಾಲು ಎರೆಯುತ್ತಿದ್ದೆ. ಕೋರ್ಟಿನ ಮೇಲೆ ವಾರಕ್ಕೊಮ್ಮೆ ತೆಳ್ಳಗೆ ಸಗಣಿ ಸಾರಿಸಬೇಕು. ಸಾರಿಸಿದ ಮಾರನೇ ಬೆಳಿಗ್ಗೆ, ಇಬ್ಬನಿ ಆರುವ ಹೊತ್ತಿಗೆ, ಆ ಕೋರ್ಟಿನಿಂದ ಒಂದು ವಾಸನೆ ಏಳುತ್ತಿತ್ತು. ಈಗಿನ ಹಸಿರು ಬಣ್ಣದ ಕೋರ್ಟುಗಳಲ್ಲಿ ನಾನು ಮೂಸಿ ನೋಡಿದ್ದೇನೆ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಬಿಟ್ಟರೆ ಬೇರೇನಿಲ್ಲ.

ನನ್ನ ಗುರು ಚಾತು ಮೇಸ್ತ್ರಿ. ಕೇರಳದ ಕಡೆಯವರು, ಕೊಡಗಿನ ಕಾಫಿ ತೋಟದವರ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಇದ್ದು ಹುಣಸೂರಿಗೆ ಬಂದವರು. ನಾನು ಸೇರಿದ ವರ್ಷ ಕೋರ್ಟನ್ನು ಹೊಸದಾಗಿ ಅಳೆಯಲು ಹೇಳಿದರು. ಹಗ್ಗದಲ್ಲಿ ಅಳತೆಯ ಗಂಟು ಹಾಕಿ ಕೊಟ್ಟಿದ್ದರು. ನಾನು ಆ ಹಗ್ಗವನ್ನು ರಾತ್ರಿ ಹೊರಗೇ ಬಿಟ್ಟಿದ್ದೆ, ಮಳೆಯಲ್ಲಿ ನೆನೆದಿತ್ತು. ನೆನೆದ ಹಗ್ಗ ಕುಗ್ಗುತ್ತದೆಂದು ನನಗೆ ಗೊತ್ತಿರಲಿಲ್ಲ. ಕೋರ್ಟು ಒಂದು ಗೇಣಿಗಿಂತ ಹೆಚ್ಚೇ ಚಿಕ್ಕದಾಯಿತು. ಒಂದು ವಾರ ನಮ್ಮ ಮೆಂಬರು ಇಂಜಿನಿಯರ್ ಸಾಹೇಬರ ಒಳ್ಳೊಳ್ಳೆಯ ಏಟುಗಳೆಲ್ಲ ಹೊರಗೆ ಬಿದ್ದವು. ಅವರು ಪ್ರತಿ ಸಲವೂ ಬ್ಯಾಟನ್ನು ಮುಖದ ಹತ್ತಿರ ಹಿಡಿದು, ಅದರಲ್ಲಿ ತೂತು ಬಿದ್ದಿದೆಯೋ ಎಂಬಂತೆ ನೋಡುತ್ತಿದ್ದರು. ಕೊನೆಗೆ ಕನ್ನಡಕ ಬದಲಾಯಿಸಲು ಮೈಸೂರಿಗೂ ಹೋಗಿಬಂದರು. ಮೇಸ್ತ್ರಿ ಒಣಗಿದ ಹಗ್ಗ ಹಿಡಿದು ಮತ್ತೆ ಅಳೆದಾಗ ಸಂಗತಿ ಹೊರಬಿತ್ತು. ನನ್ನನ್ನು ಬೈಯಲಿಲ್ಲ.

‘ನಂಜ, ಆಡುವವನು ಗೆರೆ ನಂಬಿ ಆಡ್ತಾನೆ. ಗೆರೆ ಸುಳ್ಳು ಹೇಳಿದರೆ ಅವನು ತನ್ನ ಕೈ ಮೇಲೆ ಸಂಶಯಪಡ್ತಾನೆ’ ಎಂದರು, ಅಷ್ಟೇ.

ಆ ಮಾತನ್ನು ನಾನು ಹಗ್ಗಕ್ಕೆ ಮಾತ್ರ ಅನ್ವಯಿಸಿಕೊಂಡೆ.

ಇನ್ನೊಂದು ಪಾಠವನ್ನು ನಿಮಗೂ ಹೇಳಬೇಕು. ಆಟದಲ್ಲಿ ಕೈಕಾಲಿಗಿಂತ ಮೊದಲು ಸೋಲುವುದು ಮನಸ್ಸು. ಒಂದು ಚೆಂಡು ನೆಟ್ಟಿಗೆ ಹೊಡೆದವನು ಮುಂದಿನ ಮೂರು ಚೆಂಡನ್ನು ಆ ಮೊದಲನೆಯದರ ಸಿಟ್ಟಿನಲ್ಲಿ ಹೊಡೆಯುತ್ತಾನೆ. ಅದಕ್ಕೆ ಮೇಸ್ತ್ರಿ ಒಂದು ಉಪಾಯ ಹೇಳಿಕೊಟ್ಟಿದ್ದರು. ಪಾಯಿಂಟು ಹೋಗಲಿ, ಬರಲಿ, ಮುಗಿದ ಕೂಡಲೇ ಎದುರಾಳಿಗೆ ಬೆನ್ನು ಮಾಡಿ ಹಿಂದಿನ ತಡಿಕೆಯವರೆಗೆ ನಡೆಯಬೇಕು. ಬ್ಯಾಟಿನ ತುದಿಯಿಂದ ತಡಿಕೆ ಮುಟ್ಟಬೇಕು. ತಿರುಗಿ ಬರಬೇಕು. ‘ಕೋಪ ಬಂತಾ? ಅದನ್ನು ತಡಿಕೆಗೆ ಕೊಟ್ಟು ಬಾ. ಸಂತೋಷ ಬಂತಾ? ಅದನ್ನೂ ಕೊಟ್ಟು ಬಾ. ಎರಡೂ ಇಲ್ಲಿ ಬೇಡ’ ಎನ್ನುತ್ತಿದ್ದರು. ನನಗೆ ಅದು ಕೊನೆಗೂ ಪೂರ್ತಿ ಬರಲಿಲ್ಲ. ತಡಿಕೆ ಮುಟ್ಟಿದರೂ ಸಿಟ್ಟು ನನ್ನ ಜೊತೆಯೇ ವಾಪಸ್ಸು ಬರುತ್ತಿತ್ತು.

ಬಂದದ್ದು ಮಾದೇವನಿಗೆ.

ಮಾದೇವ ನನಗಿಂತ ಆರು ವರ್ಷಕ್ಕೆ ಚಿಕ್ಕವನು. ಅಪ್ಪ ತೀರಿಕೊಂಡ ಮೇಲೆ ಊರಿನ ಹೊಲ ಪಾಲಿಗೆ ಕೊಟ್ಟು, ಅವ್ವನನ್ನೂ ಅವನನ್ನೂ ನಾನು ಹುಣಸೂರಿಗೆ ಕರೆತಂದಿದ್ದೆ. ಮೇಸ್ತ್ರಿ ಕೆಲಸ ಬಿಟ್ಟು ತಮ್ಮ ಊರಿಗೆ ಹೋದಾಗ ಕ್ಲಬ್ಬಿನವರು ಎರಡನೇ ಮಾರ್ಕರನಾಗಿ ಮಾದೇವನನ್ನು ಸೇರಿಸಿಕೊಂಡರು. ಆಗ ಅವನಿಗೆ ಇಪ್ಪತ್ತು. ಬ್ಯಾಟು ಹಿಡಿದ ಒಂದೇ ವರ್ಷಕ್ಕೆ ನನ್ನನ್ನು ಸೋಲಿಸಿದ. ಅವನ ಏಟಿನಲ್ಲಿ ಜೋರು ಕಡಿಮೆ, ಗುರಿ ಹೆಚ್ಚು. ಚೆಂಡು ಗಟ್ಟಿಗೆ ತಾಗಿದಾಗ ಬೇರೆಯವರದು ‘ಟಪ್’ ಎಂದರೆ ಅವನದು ತುಂಬಿದ ಕೊಡ ತಟ್ಟಿದ ಹಾಗೆ ಕೇಳುತ್ತಿತ್ತು. ಬೆಳಿಗ್ಗೆ ಮೆಂಬರುಗಳು ಬರುವ ಮೊದಲು ಒಂದು ಗಂಟೆ ನಾವಿಬ್ಬರೇ ಆಡುತ್ತಿದ್ದೆವು. ನದಿಯ ಮೇಲಿಂದ ಮಂಜು ಬಂದು ಕೋರ್ಟಿನ ಆ ತುದಿ ಕಾಣುತ್ತಿರಲಿಲ್ಲ. ಮಂಜಿನೊಳಗಿಂದ ಚೆಂಡು ಬರುತ್ತಿತ್ತು, ಹಿಂದೆಯೇ ಅವನ ನಗು.

ಅವನ ಮನಸ್ಸು ಗಟ್ಟಿಯಾಗಲಿ ಎಂದು ನಾನು ಆಡುತ್ತಲೇ ಕೆಣಕುತ್ತಿದ್ದೆ.

‘ಏನ್ಲಾ, ಎಮ್ಮೆ ಕಟ್ದಂಗೆ ನಿಂತಿದ್ದೀಯೆ. ಕಾಲು ಎತ್ಲಾ.’

‘ಎಮ್ಮೆ ಅಂದ್ರೂ ಸರಿ ಕಣಣ್ಣ, ನಿನ್ನ ಚೆಂಡು ಬಂದ್ಮೇಲೆ ಎದ್ರೂ ಆಯ್ತದೆ’ ಎನ್ನುತ್ತಿದ್ದ. ಪಾಯಿಂಟು ಮುಗಿದರೆ ನಗು ನಿಲ್ಲಿಸಿ, ತಡಿಕೆ ಮುಟ್ಟಿ, ಏನೂ ಆಗದವನಂತೆ ಬರುತ್ತಿದ್ದ.

ಮಾರ್ಕರನಿಗೆ ಗೆಲ್ಲಲು ಬಂದರೆ ಸಾಲದು, ಸೋಲಲೂ ಬರಬೇಕು. ಇದನ್ನು ಈಗಿನವರು ನಂಬುವುದಿಲ್ಲ. ಸಾಹೇಬರು ದಿನದ ಕಿರಿಕಿರಿ ಮುಗಿಸಿ ಸಂಜೆ ಬರುತ್ತಾರೆ. ಅವರಿಗೆ ಬೆವರೂ ಬರಬೇಕು, ಗೆದ್ದ ಸಂತೋಷವೂ ಸಿಗಬೇಕು, ನೀನು ಬೇಕೆಂದು ಸೋತೆ ಎಂಬ ಗುಮಾನಿಯೂ ಬರಬಾರದು. ನಾನು ಅದರಲ್ಲಿ ನಿಪುಣ. ಚೆಂಡನ್ನು ನೆಟ್ಟಿನ ಅಂಚಿಗೆ ಸರಿಯಾಗಿ ತಾಗಿಸಿ ‘ಅಯ್ಯೋ’ ಎನ್ನುತ್ತಿದ್ದೆ. ಮಾದೇವನಿಗೆ ಇದು ಬರಲೇ ಇಲ್ಲ. ಒಂದು ಸಂಜೆ ಅದೇ ಇಂಜಿನಿಯರ್ ಸಾಹೇಬರಿಗೆ ಒಂದು ಗೇಮೂ ಕೊಡದೆ ಸೆಟ್ಟು ಗೆದ್ದ. ಸಾಹೇಬರು ಬ್ಯಾಟು ನನ್ನ ಕೈಗೆ ಕೊಟ್ಟು, ನೇರ ಜೀಪು ಹತ್ತಿದರು.

‘ಯಾಕ್ಲಾ ಇಂಗ್ ಮಾಡ್ದೆ?’ ಎಂದು ಕೇಳಿದೆ.

‘ಸಾಯೇಬ್ರು ಒಳ್ಳೆ ಚೆಂಡು ಕೊಟ್ರು ಕಣಣ್ಣ. ವಡೀದೆ ಬುಟ್ರೆ ಚೆಂಡಿಗೆ ಮೋಸ ಆಯ್ತದಲ್ಲ.’

ಮಾರನೇ ದಿನ ನಾನು ಹೋಗಿ ಕ್ಷಮೆ ಕೇಳಿದೆ. ಸಾಹೇಬರು ದೊಡ್ಡ ಮನಸ್ಸಿನವರು. ‘ನಿನ್ನ ತಮ್ಮನ ಜೊತೆಯೇ ಆಡ್ತೀನಿ ಕಣಯ್ಯ. ನಿನ್ನ ಜೊತೆ ಗೆದ್ದು ಗೆದ್ದು ನನಗೆ ಆಟವೇ ಮರೆತುಹೋಯ್ತು’ ಎಂದರು. ಅವತ್ತು ನಕ್ಕೆ. ಆದರೆ ಆ ಮಾತು ಒಳಗೆ ಮುಳ್ಳಿನಂತೆ ಕೂತಿತು. ಒಂದೊಂದೇ ಮೆಂಬರು ಮಾದೇವನನ್ನು ಕೇಳತೊಡಗಿದರು. ಹುತ್ತದ ಮಣ್ಣು ಹೊತ್ತು ಕೋರ್ಟು ಕಟ್ಟಿದವನು ನಾನು. ತಡಿಕೆಯ ಆಚೆ ನಿಂತು ಜನ ನೋಡುತ್ತಿದ್ದುದು ಅವನನ್ನು. ಇದನ್ನೂ ಬರೆಯದೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಸಂಕ್ರಾಂತಿ ಕಳೆದು ಕೋರ್ಟುಗಳು ಚೆನ್ನಾಗಿ ಒಣಗಿದ ಮೇಲೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ಕಡೆಯ ಮೆಂಬರುಗಳು ವರ್ಷಕ್ಕೊಮ್ಮೆ ಸೇರಿ ಪಂದ್ಯ ಆಡುತ್ತಿದ್ದರು. ಕೊನೆಯ ದಿನ ಮಾರ್ಕರುಗಳ ಪಂದ್ಯ, ಕ್ಲಬ್ಬಿಗೊಬ್ಬನಂತೆ. ಆ ವರ್ಷ ಅದು ಹುಣಸೂರಿನಲ್ಲೇ ನಡೆಯಿತು. ಮೈಸೂರಿನ ಒಂದು ದೊಡ್ಡ ಕ್ಲಬ್ಬಿನ ಕಾರ್ಯದರ್ಶಿ ನೋಡಲು ಬಂದಿದ್ದರು. ಅವರಿಗೆ ಒಬ್ಬ ಮಾರ್ಕರ್ ಬೇಕಾಗಿತ್ತು. ಗೆದ್ದವನನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದರು. ಅಲ್ಲಿ ಐದು ಕೋರ್ಟು, ಇರಲು ಮನೆ, ಮದರಾಸಿನಿಂದ ಬರುವ ಆಟಗಾರರ ಜೊತೆ ಆಡುವ ಅವಕಾಶ. ನಮ್ಮ ಕ್ಲಬ್ಬಿನಿಂದ ಆಡಿದ ಮಾದೇವ ಕೊನೆಯ ಆಟಕ್ಕೆ ಬಂದ. ಎದುರಿಗೆ ಕೆ.ಆರ್. ನಗರದ ಮಾರ್ಕರ್ ಪುಟ್ಟಸ್ವಾಮಿ.

ಅವತ್ತು ಬೆಳಿಗ್ಗೆ ಮಾದೇವ ಪೇಟೆಗೆ ಹೋಗಿ ಒಂದು ಬೀಗ ತಂದಿದ್ದ.

‘ಏನ್ಕಲಾ ಇದು?’ ಎಂದಳು ಅವ್ವ.

‘ಟ್ರಂಕಿಗೆ ಕಣವ್ವ. ಗೆದ್ರೆ ಸ್ವಾಮಾರನೇ ಬಾ ಅಂದವ್ರೆ.’ ನನ್ನ ಕಡೆ ತಿರುಗಿ, ‘ಇನ್ಮ್ಯಾಕೆ ಬೆಳಗಾನೆ ತಡಿಕೆ ಜೊತೆ ಆಡ್ಕೊ ಬುಡಣ್ಣ. ಅದೂ ನಿನ್ಗೆ ಸೋಲಕ್ಕಿಲ್ಲ’ ಎಂದ.

ಅವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. ನಾನೂ ನಕ್ಕೆ. ಮೈಸೂರು ಹುಣಸೂರಿಗೆ ಮೂವತ್ತು ಮೈಲಿಯೂ ಇಲ್ಲ. ಆದರೂ ಆ ಬೀಗ ನೋಡಿದಾಗಿನಿಂದ ನನಗೆ ಮಂಜಿನಲ್ಲಿ ಕೋರ್ಟಿನ ಆ ತುದಿ ಖಾಲಿಯಾಗಿರುವುದೇ ಕಾಣುತ್ತಿತ್ತು.

ಅಂಪೈರ್ ಕುರ್ಚಿಯಲ್ಲಿ ಪಿರಿಯಾಪಟ್ಟಣದ ವಯಸ್ಸಾದ ಡಾಕ್ಟರು ಕೂತರು. ಒಂದು ತುದಿಯ ಗೆರೆಗೆ ಎಚ್.ಡಿ. ಕೋಟೆಯ ಮಾರ್ಕರ್ ನಿಂತ. ಇನ್ನೊಂದು ತುದಿಗೆ ಯಾರು ಎಂಬ ಮಾತು ಬಂತು. ನಾನು ಬೇಡ, ನನ್ನ ತಮ್ಮನ ಆಟ ಎಂದೆ. ಪುಟ್ಟಸ್ವಾಮಿಯೇ ಅಡ್ಡ ಬಂದ.

‘ನಂಜಣ್ಣನೇ ನಿಂತ್ಕಳ್ಳಿ ಬುಡಿ ಸ್ವಾಮಿ. ಅವ್ರು ಸುಳ್ಳು ಏಳೋರಲ್ಲ.’

ಗೆರೆ ಕಾಯುವವನ ಕೆಲಸ ತಿಳಿಯದವರಿಗೆ ಒಂದು ಮಾತು. ಚೆಂಡು ಒಳಗೆ ಬಿದ್ದರೆ, ಗೆರೆಯನ್ನು ಕೂದಲೆಳೆಯಷ್ಟು ತಾಗಿದರೂ, ಅವನು ಸುಮ್ಮನಿರಬೇಕು. ಹೊರಗೆ ಬಿದ್ದರೆ ಮಾತ್ರ ಕೈ ಚಾಚಿ ಕೂಗಬೇಕು.

ಪುಟ್ಟಸ್ವಾಮಿ ಮಾದೇವನಿಗಿಂತ ಹತ್ತು ವರ್ಷ ದೊಡ್ಡವನು, ಪಳಗಿದ ಆಟಗಾರ. ಅವನ ಆಯುಧ ಬ್ಯಾಟಲ್ಲ, ನಾಲಿಗೆ. ಬೈಯುತ್ತಿರಲಿಲ್ಲ, ಹೊಗಳುತ್ತಿದ್ದ. ‘ಮಾದೇವ, ಆ ಎಡಗೈ ಕಡೆ ಏಟು ಬಲೇ ಸೊಗಸಾಗಿ ಬಿತ್ತು ಕಣ್ಲಾ. ಮೊಣಕೈ ಎಂಗೆ ಮಡಿಸ್ತೀಯೆ? ಇನ್ನೊಂದ್ಸಲ ತೋರ್ಸು’ ಎನ್ನುತ್ತಿದ್ದ. ಅಲ್ಲಿಗೆ ಮಾದೇವ ತನ್ನ ಮೊಣಕೈ ನೆನೆಸಿಕೊಳ್ಳುತ್ತಿದ್ದ, ಮುಂದಿನ ಚೆಂಡು ನೆಟ್ಟಿಗೆ. ಸರ್ವ್ ಮಾಡಲು ಕೈ ಎತ್ತಿದಾಗ ಪುಟ್ಟಸ್ವಾಮಿಯ ಬೂಟಿನ ಲಾಡಿ ಬಿಚ್ಚಿಹೋಗಿರುತ್ತಿತ್ತು. ನೀರು ಬೇಕಾಗಿರುತ್ತಿತ್ತು. ಚೆಂಡನ್ನು ಹೊಂಗೆ ಮರದ ಎತ್ತರಕ್ಕೆ ಎತ್ತಿ ಎತ್ತಿ ಹಾಕುತ್ತಿದ್ದ, ಮಾದೇವ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಾಯಬೇಕು. ಮೊದಲ ಸೆಟ್ಟು ಆರಕ್ಕೆ ಎರಡು ಗೇಮಿನಲ್ಲಿ ಸೋತ.

ಸೆಟ್ಟಿನ ಕೊನೆಗೆ ಪುಟ್ಟಸ್ವಾಮಿಯ ಒಂದು ಮಾತಿಗೆ ಅವನು ತಿರುಗಿ ಉತ್ತರ ಕೊಟ್ಟ. ಅದು ಅವನ ಗುಣವಲ್ಲ. ತಡಿಕೆ ಮುಟ್ಟುವುದನ್ನೂ ಮರೆತಿದ್ದ. ನೀರು ಕುಡಿಯಲು ನಾನಿದ್ದ ತುದಿಗೆ ಬಂದಾಗ ಮೆಲ್ಲಗೆ ಹೇಳಿದೆ:

‘ತಡಿಕೆ ಎಲ್ಲೂ ಓಗಿಲ್ಲ ಕಣ್ಲಾ. ಅಲ್ಲೇ ಅದೆ.’

ಅವನು ನನ್ನನ್ನು ನೋಡಿದ. ಲೋಟ ಕೊಟ್ಟು, ಹೋಗಿ ತಡಿಕೆ ಮುಟ್ಟಿದ. ಬ್ಯಾಟಿನಿಂದಲ್ಲ, ಅಂಗೈಯಿಂದ. ಅಲ್ಲಿಂದ ಬಂದವನು ಬೇರೆಯೇ ಆಗಿದ್ದ.

ಎರಡನೇ ಸೆಟ್ಟಿನಲ್ಲಿ ಪುಟ್ಟಸ್ವಾಮಿ ಏನು ಹೇಳಿದರೂ ಮಾದೇವ ‘ಊಂ ಕಣಣ್ಣ’ ಎನ್ನುತ್ತಿದ್ದ, ನಡೆದು ಹೋಗುತ್ತಿದ್ದ. ಲಾಡಿ ಬಿಚ್ಚಿದರೆ ಕಾಯುತ್ತಿದ್ದ. ಪಾಯಿಂಟು ಗೆದ್ದರೂ ಹೆಜ್ಜೆ ಅಷ್ಟೇ, ಸೋತರೂ ಅಷ್ಟೇ. ನಾನು ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಮೈಸೂರಿನಲ್ಲಿ ಹೆಸರುವಾಸಿಯಾದವರ ಆಟಗಳಿಗೆ ಗೆರೆ ಕಾದಿದ್ದೇನೆ. ಅಷ್ಟು ಶಾಂತವಾದ ಮುಖವನ್ನು ಕೋರ್ಟಿನಲ್ಲಿ ಮತ್ತೆ ಕಾಣಲಿಲ್ಲ. ಎರಡನೇ ಸೆಟ್ಟು ಅವನದಾಯಿತು. ಮೂರನೆಯದರಲ್ಲಿ ಐದು ಗೇಮು ಅವನದು, ನಾಲ್ಕು ಪುಟ್ಟಸ್ವಾಮಿಯದು. ಇನ್ನೊಂದು ಗೇಮು ಗೆದ್ದರೆ ಮುಗಿಯಿತು.

ಆಗ ಆಟಗಾರರು ತುದಿ ಬದಲಾಯಿಸಬೇಕು. ಮಾದೇವ ನನ್ನ ತುದಿಯಿಂದ ಆಚೆ ಹೋದ, ಪುಟ್ಟಸ್ವಾಮಿ ಈಚೆ ಬಂದ. ನನ್ನ ತುದಿಯ ಬಲಗಡೆ ಮೂಲೆಯ ಗೆರೆ ಕಾಲು ಜಾರಿ ಜಾರಿ ಅಳಿಸಿಹೋಗಿತ್ತು. ‘ಆ ಮೂಲೆ ಒಂದು ಸಲ ಎಳೆದುಬಿಡಯ್ಯ’ ಎಂದರು ಡಾಕ್ಟರು. ನಾನು ಸುಣ್ಣದ ಡಬ್ಬಿಗೆ ನೀರು ಬೆರೆಸಿ, ಒಂದು ಮಾರಿನಷ್ಟು ಉದ್ದ ಹೊಸದಾಗಿ ಎಳೆದೆ. ಒಣಗಿದ ಸುಣ್ಣದ ಮೇಲೆ ಚೆಂಡು ಬಿದ್ದರೆ ಬಿಳಿ ಧೂಳು ಏಳುತ್ತದೆ, ಎಲ್ಲರಿಗೂ ಕಾಣುತ್ತದೆ. ಹಸಿ ಸುಣ್ಣದಿಂದ ಏನೂ ಏಳುವುದಿಲ್ಲ.

ಮಾದೇವ ಸರ್ವ್ ಮಾಡಿದ. ಒಂದೊಂದೇ ಪಾಯಿಂಟು ಬಂದು, ಇನ್ನೊಂದೇ ಪಾಯಿಂಟು ಎನ್ನುವಲ್ಲಿಗೆ ಬಂತು. ಪುಟ್ಟಸ್ವಾಮಿ ಮತ್ತೆ ಚೆಂಡನ್ನು ಎತ್ತರಕ್ಕೆ ಎತ್ತಿದ. ಮಾದೇವ ಕಾದ, ಕಾದ, ಬಿದ್ದು ಪುಟಿದ ಚೆಂಡನ್ನು ನನ್ನ ಬಲಗಡೆ ಮೂಲೆಗೆ ಹೊಡೆದ. ಪುಟ್ಟಸ್ವಾಮಿ ಓಡಲೂ ಇಲ್ಲ. ನನ್ನ ಕಾಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಚೆಂಡು ಹಸಿ ಗೆರೆಯ ಮೇಲೆ ಬಿತ್ತು. ಅರ್ಧ ಚೆಂಡಿನಷ್ಟು ಗೆರೆ ತಾಗಿತು. ಧೂಳು ಏಳಲಿಲ್ಲ.

ನನ್ನ ಕೈ ಚಾಚಿತು. ‘ಔಟ್’ ಎಂದೆ.

ತಮ್ಮನ ಪರ ವಹಿಸಿದ ಎನ್ನುತ್ತಾರೆಂದು ಹೆದರಿದೆ, ಆ ಹೆದರಿಕೆಯಲ್ಲಿ ಕಣ್ಣು ತಪ್ಪಿತು ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಕಣ್ಣು ತಪ್ಪಿರಲಿಲ್ಲ. ಚೆಂಡು ಬೀಳುವುದಕ್ಕೂ ನಾನು ಕೂಗುವುದಕ್ಕೂ ನಡುವೆ ನನಗೆ ಕಂಡದ್ದು ಬೆಳಿಗ್ಗೆ ತಂದ ಆ ಬೀಗ. ಅವನು ಹೋಗಬಾರದು ಎನ್ನಿಸಿತು. ನಾನು ಇಲ್ಲೇ ಉಳಿದು ಅವನು ಮೇಲೆ ಹೋಗಬಾರದು ಎಂದೂ ಅನ್ನಿಸಿತು. ಎರಡರಲ್ಲಿ ಯಾವುದು ಪ್ರೀತಿ, ಯಾವುದು ಹೊಟ್ಟೆಕಿಚ್ಚು ಎಂದು ಬಿಡಿಸಲು ಇವತ್ತಿಗೂ ನನಗೆ ಆಗಿಲ್ಲ.

ಪುಟ್ಟಸ್ವಾಮಿ ಚೆಂಡಿನ ಕಡೆ ನೋಡದೆ, ಬ್ಯಾಟಿನಲ್ಲಿ ಎತ್ತಿ ಆಚೆಗೆ ಹೊಡೆದ. ಮಾದೇವ ಹಿಡಿದುಕೊಂಡ. ಆಗಿನ ಚೆಂಡುಗಳು ಬಿಳಿಯವು, ನಾಲ್ಕು ಗೇಮು ಆಡುವಷ್ಟರಲ್ಲಿ ಸಗಣಿ ಮಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಅವನು ಆ ಕಂದು ಚೆಂಡನ್ನು ನೋಡಿದ. ಹೆಬ್ಬೆರಳಿನಿಂದ ಮುಟ್ಟಿದ. ತಲೆ ಎತ್ತಿ ನನ್ನನ್ನು ನೋಡಿದ.

‘ನೋಡಿದ್ಯೇನಣ್ಣ?’ ಎಂದು ಅಲ್ಲಿಂದಲೇ ಕೇಳಿದ. ಧ್ವನಿಯಲ್ಲಿ ಜಗಳವಿರಲಿಲ್ಲ.

‘ನೋಡ್ದೆ ಕಣ್ಲಾ’ ಎಂದೆ.

ಅವನು ಚೆಂಡನ್ನು ಚಡ್ಡಿಗೆ ಒರೆಸಿಕೊಂಡ. ಬೆನ್ನು ಮಾಡಿ ತಡಿಕೆಯವರೆಗೆ ನಡೆದ. ಕೈ ತಡಿಕೆಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತ. ಡಾಕ್ಟರು ‘ಆಡಪ್ಪ’ ಎನ್ನುವವರೆಗೂ ನಿಂತಿದ್ದ. ಅದೇ ನಾನು ಹೇಳಿದ ಅರ್ಧ ನಿಮಿಷ.

ತಿರುಗಿ ಬಂದಾಗ ಮುಖ ಹಿಂದಿನಷ್ಟೇ ಶಾಂತವಾಗಿತ್ತು. ಸಿಟ್ಟಿನಲ್ಲಿ ಒಂದು ಚೆಂಡನ್ನೂ ಹೊಡೆಯಲಿಲ್ಲ. ಆದರೆ ಅಲ್ಲಿಂದ ಮುಂದೆ ಒಂದು ಚೆಂಡನ್ನೂ ನನ್ನ ಗೆರೆಯ ಹತ್ತಿರಕ್ಕೆ ತರಲಿಲ್ಲ. ಎಲ್ಲವನ್ನೂ ಕೋರ್ಟಿನ ನಡುವಿಗೇ ಹೊಡೆದ, ಪುಟ್ಟಸ್ವಾಮಿ ನಿಂತಿದ್ದ ಕಡೆಗೇ. ನಾನು ಇನ್ನೊಮ್ಮೆ ಬಾಯಿ ತೆರೆಯಬೇಕಾದ ಸಂದರ್ಭ ಬರದ ಹಾಗೆ ಆಡಿದ. ಹಾಗೆ ಆಡಿದರೆ ಯಾರು ಗೆಲ್ಲುತ್ತಾರೆ? ಏಳಕ್ಕೆ ಐದು ಗೇಮಿನಲ್ಲಿ ಸೆಟ್ಟು ಹೋಯಿತು. ಪುಟ್ಟಸ್ವಾಮಿಯ ಕೈ ಕುಲುಕಿ, ‘ಮೈಸೂರ್ನಲ್ಲಿ ಚಂದಾಗಿ ಆಡಣ್ಣೋ’ ಎಂದ.

ನನ್ನ ಸುತ್ತ ಜನ ಸೇರಿದರು. ಡಾಕ್ಟರು ಕುರ್ಚಿಯಿಂದ ಇಳಿದು ಬಂದು ನನ್ನ ಭುಜ ತಟ್ಟಿದರು. ‘ಸ್ವಂತ ತಮ್ಮ, ಗೆಲುವಿನ ಪಾಯಿಂಟು. ನಾನಾಗಿದ್ದರೆ ನನಗೆ ಬಾಯೇ ಬರುತ್ತಿರಲಿಲ್ಲವೇನೋ’ ಎಂದರು. ಮೈಸೂರಿನ ಕಾರ್ಯದರ್ಶಿ ನನ್ನ ಹೆಸರು ಕೇಳಿ ಬರೆದುಕೊಂಡರು. ಮುಂದೆ ದೊಡ್ಡ ಆಟಗಳಿಗೆ ಗೆರೆ ಕಾಯಲು ನನಗೆ ಹೇಳಿಕಳಿಸುತ್ತಿದ್ದುದು ಈ ಒಂದು ಕೂಗಿನಿಂದ. ನಂಜಪ್ಪ ಎಂದರೆ ನ್ಯಾಯ ಎಂಬ ಮಾತು ಹುಟ್ಟಿದ್ದು ಇಲ್ಲಿಂದ.

ಸಂಜೆ ಹಿತ್ತಲಿನಲ್ಲಿ ಮಾದೇವ ತನ್ನ ಬಟ್ಟೆ ತಾನೇ ಒಗೆಯುತ್ತಿದ್ದ. ಯಾವತ್ತೂ ಒಗೆದವನಲ್ಲ, ಅವ್ವ ಒಗೆಯುತ್ತಿದ್ದಳು. ಹೋಗಿ ನೋಡಿದೆ. ಖಾಕಿ ಚಡ್ಡಿಯ ತೊಡೆಯ ಮೇಲೆ ಎರಡು ಬೆರಳಗಲ ಬಿಳಿ ಗೀಟು. ನಾನು ಎಳೆದ ಹಸಿ ಸುಣ್ಣ. ಕಂದು ಚೆಂಡಿನ ಮೇಲೆ ಅದು ಮೆತ್ತಿದ್ದನ್ನು ಅವನು ನೋಡಿದ್ದ. ಚೆಂಡನ್ನು ಎತ್ತಿ ಡಾಕ್ಟರಿಗೆ ತೋರಿಸಿದ್ದರೆ ಪಂದ್ಯ ಅವನದು, ಮೈಸೂರು ಅವನದು, ಅಷ್ಟು ಜನರ ಮುಂದೆ ಸುಳ್ಳ ನಾನು. ಒರೆಸಿಕೊಂಡ.

ಅವನು ಆ ಗೀಟನ್ನು ಕಲ್ಲಿಗೆ ಹಾಕಿ ಉಜ್ಜುತ್ತಲೇ ಇದ್ದ. ‘ಬತ್ತೀನಿ ನಡಿ ಅಣ್ಣ, ಇಟ್ಟು ಆರೋಗದೆ’ ಎಂದ. ನಾನು ಒಳಗೆ ಹೋಗಿ ಮುದ್ದೆ ಉಂಡೆ.

ಯುಗಾದಿ ಆದಮೇಲೆ ಮಾದೇವ ಕ್ಲಬ್ಬು ಬಿಟ್ಟ. ಅಂತರಸಂತೆಯಲ್ಲಿ ನಮ್ಮ ಸೋದರಮಾವನಿಗೆ ಗುರುತಿದ್ದವರೊಬ್ಬರ ಮರ ಕೊಯ್ಯುವ ಮಿಲ್ಲಿಗೆ ಸೇರಿದ. ಹೋಗಬಾರದು ಎಂದು ನಾನು ಕೂಗಿದ್ದೆ, ಅವನು ಹೋದ, ಮೈಸೂರಿಗಿಂತ ದೂರಕ್ಕೆ ಹೋದ. ಬ್ಯಾಟನ್ನು ಗೋಡೆಯ ಮೊಳೆಗೆ ನೇತುಹಾಕಿ, ‘ಗಟ್ಟು ಸಡ್ಲ ಆಗದೆ, ಬಿಗಿದು ಯಾರ್ಗಾರ ಕೊಡಣ್ಣ’ ಎಂದ. ಟ್ರಂಕಿಗೆ ಆ ಬೀಗ ಹಾಕಿದ್ದ. ಅವನು ಮತ್ತೆ ಬ್ಯಾಟು ಹಿಡಿದದ್ದನ್ನು ನಾನು ಕಾಣೆ. ನಾನು ಆ ಬ್ಯಾಟನ್ನು ಯಾರಿಗೂ ಕೊಡಲಿಲ್ಲ.

ಮುಂದೆ ಎಲ್ಲ ಬದಲಾಯಿತು. ಕುರಿ ಕರುಳಿನ ಗಟ್ಟು ಹೋಗಿ ನೈಲಾನು ಬಂತು. ಚೆಂಡು ಹಳದಿಯಾಯಿತು. ಗೆರೆಗೆ ಪಟ್ಟಿ ಬಂತು, ಪೇಂಟು ಬಂತು. ಹುಣಸೂರಿನ ಆ ಕೋರ್ಟಿನ ಜಾಗದಲ್ಲಿ ಈಗ ಗೋದಾಮು ಇದೆ, ಹೊಂಗೆ ಮರ ಮಾತ್ರ ಉಳಿದಿದೆ. ಅವನು ಹೋದಮೇಲೂ ನಾನು ಬಹಳ ದಿನ ಬೆಳಿಗ್ಗೆ ಅದೇ ಹೊತ್ತಿಗೆ ಕೋರ್ಟಿಗೆ ಹೋಗುತ್ತಿದ್ದೆ. ಮಂಜಿನೊಳಗಿಂದ ಒಂದು ಚೆಂಡು ಬಂದೀತು ಎಂದು ನಿಲ್ಲುತ್ತಿದ್ದೆ. ಹಾಗೆ ನಿಲ್ಲುವುದು ಹುಚ್ಚು ಎಂದು ಗೊತ್ತಿತ್ತು.

ನಾವು ಜಗಳವಾಡಿದವರಲ್ಲ. ಮದುವೆ, ನಾಮಕರಣ, ಅವ್ವನ ತಿಥಿ, ಎಲ್ಲಕ್ಕೂ ಸೇರಿದೆವು. ಪ್ರತಿ ವರ್ಷ ಅವನ ಹೊಲದ ಅವರೆಕಾಯಿ ನಮ್ಮ ಮನೆಗೆ ಬರುತ್ತಿತ್ತು. ಪ್ರತಿ ಸಲವೂ ಹೇಳಿಬಿಡಬೇಕು ಎಂದು ಬಸ್ಸು ಹತ್ತಿದೆ, ಪ್ರತಿ ಸಲವೂ ಬೆಳೆ, ಮಕ್ಕಳು, ಮೊಣಕಾಲು ನೋವು ಮಾತಾಡಿ ವಾಪಸ್ಸು ಬಂದೆ.

ಆ ಇಬ್ಬರು ಹೊಸ ಮಾರ್ಕರುಗಳು ಬಂದು ಹೋದ ಮಾರನೇ ದಿನ ಅಂತರಸಂತೆಗೆ ಹೋದೆ. ಸಂತೆಯ ದಿನ. ಮಾದೇವನ ಮನೆ ದಾರಿಗೆ ಮುಖ ಮಾಡಿದೆ, ಜಗುಲಿಗೆ ಬಿಸಿಲು ತಾಗದಂತೆ ಒಂದು ಬಿದಿರು ತಡಿಕೆ ಕಟ್ಟಿದ್ದಾನೆ. ಗರಗಸದ ಸದ್ದಿನಲ್ಲಿ ಬಾಳಿದವನಿಗೆ ಕಿವಿ ಬಹುಮಟ್ಟಿಗೆ ಹೋಗಿದೆ. ಅವನ ಹೆಂಡತಿ ಗೌರಮ್ಮ ಕಾಫಿ ತಂದುಕೊಟ್ಟು ಬಾಗಿಲಲ್ಲೇ ನಿಂತಳು.

‘ಇದೇನ್ ಭಾವ, ಏಳ್ದೆ ಕೇಳ್ದೆ ಬಂದುಬುಟ್ರಿ? ಅವರೆಕಾಯಿ ಇನ್ನೂ ಊವಲ್ಲೇ ಅದೆ’ ಎಂದಳು.

‘ಅವರೆಕಾಯ್ಗೆ ಬರ್ಲಿಲ್ಲ ಕಣವ್ವ’ ಎಂದೆ.

ಮಾದೇವನ ಪಕ್ಕ ಕೂತು, ತಲೆ ತಗ್ಗಿಸಿ, ನಲವತ್ತು ವರ್ಷ ಒಳಗೇ ಹೇಳಿಕೊಂಡ ಮಾತನ್ನು ಹೇಳಿದೆ. ಮೆಲ್ಲಗೆ ಹೇಳಿದೆ, ಗೌರಮ್ಮನಿಗೆ ಕೇಳಿಸಬಾರದು ಎಂದು. ಮಾದೇವ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡ.

‘ಜೋರಾಗಿ ಏಳಣ್ಣ. ಮಿಲ್ಲು ಕಿವಿ ತಿಂದದೆ.’

ಅವನಿಗೆ ನಿಜವಾಗಿ ಕೇಳಿಸಲಿಲ್ಲವೋ, ಜೋರಾಗಿ ಹೇಳಿಸಬೇಕು ಎನ್ನಿಸಿತೋ ನನಗೆ ತಿಳಿಯದು. ನಾನು ಎದ್ದೆ. ಅವನಿಗೆ ಬೆನ್ನು ಮಾಡಿ ತಡಿಕೆಯವರೆಗೆ ನಾಲ್ಕು ಹೆಜ್ಜೆ ನಡೆದೆ. ಕೈಯಿಂದ ಮುಟ್ಟಿದೆ. ತಿರುಗಿ ಬಂದು ಅವನ ಎದುರು ನಿಂತು, ಗೆರೆ ಕಾಯುವಾಗ ಕೂಗುತ್ತಿದ್ದ ಅದೇ ಧ್ವನಿಯಲ್ಲಿ ಕೂಗಿದೆ. ಗೌರಮ್ಮನಿಗೂ ಕೇಳಿಸಿತು, ಸಂತೆಯಿಂದ ಬರುತ್ತಿದ್ದವರು ತಿರುಗಿ ನೋಡಿದರು.

‘ಮಾದೇವ, ಅವತ್ತಿನ ಚೆಂಡು ಒಳೀಕೇ ಬಿದ್ದಿತ್ತು ಕಣಪ್ಪ. ನಾನು ನೋಡಿದ್ದೆ. ನೋಡೀ ನೋಡೀ ಔಟು ಅಂದೆ. ನೀನು ಬುಟ್ಟೋಗ್ತೀಯಲ್ಲಾ ಅಂತ ಅಂದೆ. ತಪ್ಪಾಯ್ತು ಕಣೋ ತಮ್ಮಾ, ಗೆದ್ದಿದ್ದು ನೀನು.’